ಮದ್ಯಸಾರದ ಇಂಧನವೂ ಪಂದ್ಯದ ಮೋಟಾರೂ: ಹದವರಿತಲ್ಲಿ ಲಾಭ, ಹದ ತಪ್ಪಿದಲ್ಲಿ ನಷ್ಟ

ಹದವರಿಯದೆ ಬಿತ್ತಿದ ಬೀಜವು ಎಷ್ಟು ಉತ್ತಮವಾದ ಜಾತಿಯದಾದರೂ ತಕ್ಕ ಫಲವನ್ನು ಕೊಡಲಾರದೆಂಬುದು ವ್ಯವಸಾಯಗಾರರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ನೆಲದ ಹದ, ಗೊಬ್ಬರದ ಹದ, ನೀರಿನ ಹದ, ಆಲೆಮನೆಯಲ್ಲಿ ಬೆಲ್ಲದ ಪಾಕದ ಹದ, ಇವುಗಳಲ್ಲಿ ಒಂದು ತಪ್ಪಿದರೂ ವರ್ಷದ ದುಡಿಮೆಯೆಲ್ಲ ಕೆಡುವುದುಂಟು. ಈ ನ್ಯಾಯವು ಯಂತ್ರಗಳಿಗೂ ಅವುಗಳಿಗೆ ಹಾಕುವ ಇಂಧನಕ್ಕೂ ಅಷ್ಟೇ ಸಲ್ಲತಕ್ಕದ್ದು. ಕಬ್ಬಿನ ರಸ, ಕಾಕಂಬಿ, ಮುಸುಕಿನ ಜೋಳ, ನುಚ್ಚಕ್ಕಿ ಮೊದಲಾದವುಗಳಿಂದ ಇಳಿಸುವ ಎಥನಾಲ್ ಎಂಬ ಮದ್ಯಸಾರವನ್ನು ಪೆಟ್ರೋಲಿನೊಡನೆ ಬೆರೆಸುವ ವಿಷಯದಲ್ಲಿ ಈಗ ಗ್ರಾಮಗಳಲ್ಲಿಯೂ ಎರಡು ಪಕ್ಷಗಳು ಹುಟ್ಟಿವೆ. ಕಬ್ಬಿನ ಬೆಳೆಗಾರರಿಗೆ ಇದೊಂದು ಕಾಮಧೇನುವೆಂದು ಒಂದು ಪಕ್ಷದವರು ಹೇಳುತ್ತಾರೆ. ಇದರಿಂದ ಇಂಜಿನುಗಳು ಕೆಡುವುವೆಂದೂ, ಒಂದು ಲೀಟರಿಗೆ ಓಡುವ ದೂರ ಕಡಮೆಯಾಗುವುದೆಂದೂ ಮತ್ತೊಂದು ಪಕ್ಷದವರು ದೂರುತ್ತಾರೆ. ಈ ಎರಡು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವುಂಟು. ಆದರೆ ಪೂರ್ಣ ಸತ್ಯವು ತಿಳಿಯಬೇಕಾದರೆ, ಈ ಇಂಧನವನ್ನು ಅದರ ಕೊನೆಯ ಮಿತಿಯವರೆಗೆ ಪರೀಕ್ಷಿಸಿದವರ ಅನುಭವವನ್ನು ನೋಡಬೇಕು. ಅಂಥ ಪರೀಕ್ಷೆಯು ನಡೆದಿರುವ ಸ್ಥಳವು ಮೋಟಾರು ಪಂದ್ಯದ ಮೈದಾನ.

ಪಂದ್ಯದ ಮೋಟಾರು ಸಿರಿವಂತರ ಆಟ, ನೇಗಿಲು ಹಿಡಿದವನಿಗೆ ಅದರಿಂದ ಆಗತಕ್ಕದ್ದೇನು ಎಂದು ಕೆಲವರು ಕೇಳಬಹುದು. ಜಾತ್ರೆಯಲ್ಲಿ ಬಂಡಿಯ ಪಂದ್ಯಕ್ಕೆ ಹೂಡುವ ಎತ್ತುಗಳನ್ನು ನೋಡಿ ತಳಿಯ ಗುಣವನ್ನು ಅಳೆಯುವ ಜನರಿಗೆ ಈ ಪ್ರಶ್ನೆಯ ಉತ್ತರವು ತಾನಾಗಿಯೇ ಹೊಳೆಯಬೇಕು. ಪಂದ್ಯದ ಎತ್ತು ಹೊಲ ಉಳುವುದಿಲ್ಲ. ಆದರೂ ಅದರ ಕಾಲಿನ ಬಲ, ಉಸಿರಿನ ಬಲ, ಮೇವಿನ ಕ್ರಮ ಇವುಗಳಿಂದ ಉಳುವ ಎತ್ತಿನ ಸಾಕಣೆಗೂ ಪಾಠ ದೊರೆಯುವುದು. ಹಾಗೆಯೇ ಪಂದ್ಯದ ಮೋಟಾರಿನಲ್ಲಿ ಮದ್ಯಸಾರದ ಗುಣದೋಷಗಳು ದೊಡ್ಡದಾಗಿಯೂ ಸ್ಪಷ್ಟವಾಗಿಯೂ ಕಾಣುವುವು.

ಟರ್ಬೊ ಎಂಬ ತಿದಿ

ಇಂಜಿನು ಒಂದು ಕುಲುಮೆ ಇದ್ದಂತೆ. ಕುಲುಮೆಯಲ್ಲಿ ಇದ್ದಲು ಎಷ್ಟಿದ್ದರೂ ಗಾಳಿ ಸಾಲದಿದ್ದರೆ ಕಬ್ಬಿಣ ಕಾಯುವುದಿಲ್ಲ. ಆದಕಾರಣವೇ ಕಮ್ಮಾರನು ತಿದಿಯನ್ನು ಒತ್ತುವನು. ಇಂಜಿನಿನಲ್ಲಿಯೂ ಶಕ್ತಿಯ ಮಿತಿಯನ್ನು ಗೊತ್ತುಮಾಡತಕ್ಕದ್ದು ಇಂಧನವಲ್ಲ, ಸಿಲಿಂಡರಿನೊಳಕ್ಕೆ ಹೋಗುವ ಗಾಳಿ. ಟರ್ಬೊ ಎಂಬ ಸಾಧನವು ಇಂಜಿನಿಗೆ ತಿದಿಯ ಕೆಲಸವನ್ನು ಮಾಡುವುದು. ಇಂಜಿನಿನಿಂದ ಹೊರಕ್ಕೆ ನುಗ್ಗುವ ಬಿಸಿಯಾದ ಹೊಗೆಯು ಒಂದು ಚಿಕ್ಕ ಚಕ್ರವನ್ನು ಅತಿವೇಗವಾಗಿ ತಿರುಗಿಸುವುದು. ಅದೇ ಅಚ್ಚಿನ ಇನ್ನೊಂದು ಕೊನೆಯಲ್ಲಿರುವ ಮತ್ತೊಂದು ಚಕ್ರವು ಹೊರಗಣ ಗಾಳಿಯನ್ನು ಹಿಡಿದು ಒತ್ತಿ ಸಿಲಿಂಡರುಗಳಿಗೆ ತುಂಬುವುದು. ವ್ಯರ್ಥವಾಗಿ ಹೋಗುತ್ತಿದ್ದ ಹೊಗೆಯ ಬಲದಿಂದಲೇ ಚಿಕ್ಕ ಇಂಜಿನು ದೊಡ್ಡ ಇಂಜಿನಿನ ಕೆಲಸವನ್ನು ಮಾಡುವಂತಾಗುವುದು.

ಆದರೆ ಗಾಳಿಯನ್ನು ಒತ್ತಿದಷ್ಟೂ ಅದು ಬಿಸಿಯಾಗುವುದು. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಕಾಯುವುದನ್ನು ಎಲ್ಲರೂ ಕಂಡಿರುವರು. ಬಿಸಿಗಾಳಿಯಲ್ಲಿ ಬೆರೆತ ಪೆಟ್ರೋಲು ಸ್ಪಾರ್ಕ್ ಪ್ಲಗ್ಗಿನ ಕಿಡಿ ಹಚ್ಚಿದ ಉರಿಯು ತನ್ನನ್ನು ಮುಟ್ಟುವುದಕ್ಕೆ ಮುಂಚೆಯೇ ಅಲ್ಲಲ್ಲಿ ತಾನಾಗಿ ಸಿಡಿಯತೊಡಗುವುದು. ಆಗ ಇಂಜಿನಿನೊಳಗೆ ಸುತ್ತಿಗೆಯಿಂದ ಬಡಿದಂತೆ ಶಬ್ದ ಕೇಳಿಬರುವುದು. ಇದಕ್ಕೆ ಕಾರ್ಖಾನೆಗಳಲ್ಲಿ ನಾಕಿಂಗ್ ಎಂದು ಹೆಸರು; ಇಲ್ಲಿ ಬಡಿತವೆಂದು ಕರೆಯಬಹುದು. ಈ ಬಡಿತವು ಮುಂದುವರಿದರೆ ಪಿಸ್ಟನ್ನಿನ ಅಂಚು ಮುರಿಯುವುದು, ಕೆಲವು ವೇಳೆ ತಲೆಯಲ್ಲಿ ತೂತು ಬೀಳುವುದು. ಟರ್ಬೊ ಇಂಜಿನಿನ ಪ್ರಗತಿಗೆ ಅಡ್ಡವಾಗಿ ನಿಂತಿರುವ ಮುಖ್ಯ ಶತ್ರುಗಳಲ್ಲಿ ಈ ಬಡಿತವೇ ಮೊದಲನೆಯದು.

ಮದ್ಯಸಾರದ ಮೂರು ಗುಣಗಳು

ಈ ಶತ್ರುವನ್ನು ಎದುರಿಸುವುದರಲ್ಲಿ ಎಥನಾಲಿಗೆ ಮೂರು ವಿಶೇಷ ಗುಣಗಳಿವೆ. ಮೊದಲನೆಯದು ಬಡಿತವನ್ನು ತಡೆಯುವ ಸಹಜಶಕ್ತಿ. ಈ ಶಕ್ತಿಯನ್ನು ಆಕ್ಟೇನ್ ಎಂಬ ಅಂಕಿಯಿಂದ ಅಳೆಯುವ ರೂಢಿಯಿದೆ. ಸಾಮಾನ್ಯ ಪೆಟ್ರೋಲಿನ ಅಂಕಿಯು 91 ರಿಂದ 95 ಇದ್ದರೆ, ಎಥನಾಲಿನದು ಸುಮಾರು 108.

ಎರಡನೆಯದು ತಂಪು. ಬೇಸಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೇತಕ್ಕೆ? ಮಡಕೆಯ ಮೈಯಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುವುದರಿಂದ. ಎಥನಾಲು ಸಹ ಸಿಲಿಂಡರಿನಲ್ಲಿ ಆವಿಯಾಗುವಾಗ ಹೀಗೆಯೇ ಶಾಖವನ್ನು ಹೀರುವುದು. ಒಂದು ಕಿಲೋಗ್ರಾಂ ಪೆಟ್ರೋಲು ಆವಿಯಾಗಲು ಸುಮಾರು 350 ಕಿಲೋಜೂಲ್ ಶಾಖವು ಬೇಕಾದರೆ, ಎಥನಾಲಿಗೆ ಸುಮಾರು 850 ಕಿಲೋಜೂಲ್ ಬೇಕು. ಇದಲ್ಲದೆ ಅದೇ ಪ್ರಮಾಣದ ಗಾಳಿಗೆ ಎಥನಾಲನ್ನು ಹೆಚ್ಚು ತೂಕದಲ್ಲಿ ಸುರಿಯಬೇಕಾಗುವುದರಿಂದ, ಒಟ್ಟು ತಂಪು ಪೆಟ್ರೋಲಿನ ತಂಪಿಗಿಂತ ಸುಮಾರು ನಾಲ್ಕು ಪಾಲು ಆಗುವುದು. ಒತ್ತಿದ ಗಾಳಿಯ ಬೇಗೆಯನ್ನು ಇಂಧನವೇ ಇಳಿಸಿದಂತಾಗುವುದು.

ಮೂರನೆಯದನ್ನು ಅನೇಕರು ಗಮನಿಸುವುದಿಲ್ಲ. ಒಂದು ಲೀಟರು ಎಥನಾಲಿನಲ್ಲಿರುವ ಶಾಖವು ಒಂದು ಲೀಟರು ಪೆಟ್ರೋಲಿನದರಲ್ಲಿ ಸುಮಾರು ಮೂರನೆಯ ಎರಡು ಪಾಲು ಮಾತ್ರವೆಂಬುದು ನಿಜ. ಆದರೆ ಒಂದು ಕಿಲೋಗ್ರಾಂ ಪೆಟ್ರೋಲನ್ನು ಉರಿಸಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಎಥನಾಲಿಗೆ ಸುಮಾರು 9 ಕಿಲೋಗ್ರಾಂ ಸಾಕು. ಆದ್ದರಿಂದ ಗಾಳಿಯ ಲೆಕ್ಕದಲ್ಲಿ ನೋಡಿದರೆ ಎರಡು ಇಂಧನಗಳೂ ಸಮಾನವಾದ ಶಾಖವನ್ನೇ ಕೊಡುವುವು; ಎಥನಾಲಿನ ಕಡೆಗೆ ತಕ್ಕಡಿಯು ಅತ್ಯಲ್ಪವಾಗಿ ವಾಲುವುದು. ಶಕ್ತಿಯ ಮಿತಿಯು ಗಾಳಿಯಲ್ಲಿರುವುದರಿಂದ, ಎಥನಾಲಿನಿಂದ ಇಂಜಿನಿನ ಬಲವು ಕುಂದುವುದಿಲ್ಲ; ಇಂಧನದ ವೆಚ್ಚ ಮಾತ್ರ ಹೆಚ್ಚುವುದು. ಬಲಕ್ಕೂ ವೆಚ್ಚಕ್ಕೂ ಇರುವ ಈ ಭೇದವನ್ನು ತಿಳಿಯದಿರುವುದೇ ಈಗಿನ ವಾದವಿವಾದಗಳಿಗೆ ಬಹುಮಟ್ಟಿಗೆ ಕಾರಣವಾಗಿದೆ.

ಇಂಡಿಯಾನಾಪೊಲಿಸಿನ ಪಾಠ

ಅಮೆರಿಕ ದೇಶದ ಇಂಡಿಯಾನಾ ಸಂಸ್ಥಾನವು ಮುಸುಕಿನ ಜೋಳಕ್ಕೆ ಹೆಸರಾದ ಸೀಮೆ. ಅಲ್ಲಿನ ಇಂಡಿಯಾನಾಪೊಲಿಸ್ ಪಟ್ಟಣದಲ್ಲಿ ನಡೆಯುವ 500 ಮೈಲಿಯ ಮೋಟಾರು ಪಂದ್ಯವು ಲೋಕಪ್ರಸಿದ್ಧವಾದದ್ದು. 1964 ರ ಪಂದ್ಯದಲ್ಲಿ ಪೆಟ್ರೋಲು ತುಂಬಿದ ಬಂಡಿಗಳು ಡಿಕ್ಕಿ ಹೊಡೆದು ಭಾರಿ ಬೆಂಕಿಯೆದ್ದು ಎಡ್ಡಿ ಸ್ಯಾಕ್ಸ್, ಡೇವ್ ಮೆಕ್‌ಡೊನಾಲ್ಡ್ ಎಂಬ ಇಬ್ಬರು ಸಾರಥಿಗಳು ಪ್ರಾಣ ಕಳೆದುಕೊಂಡರು. ಮರುವರ್ಷದಿಂದ ಅಲ್ಲಿ ಪೆಟ್ರೋಲಿನ ಸ್ಥಾನಕ್ಕೆ ಮೆಥನಾಲ್ ಎಂಬ ಮತ್ತೊಂದು ಬಗೆಯ ಮದ್ಯಸಾರವು ಬಂದು ದಶಕಗಳ ಕಾಲ ನೆಲೆಸಿತು. ಅದರ ಬೆಂಕಿಯನ್ನು ನೀರಿನಿಂದ ನಂದಿಸಬಹುದೆಂಬುದು ಒಂದು ಅನುಕೂಲ. ಆದರೆ ಮೆಥನಾಲು ವಿಷ. ಅದರ ಉರಿಯು ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹೆಚ್ಚಾಗಿ ತಯಾರಿಸುವುದು ಭೂಗರ್ಭದ ಅನಿಲದಿಂದಲೇ ಹೊರತು ಬೆಳೆಯಿಂದಲ್ಲ.

2006 ರಲ್ಲಿ ಆ ಪಂದ್ಯಮಾಲೆಯವರು ಮೆಥನಾಲಿಗೆ ಶೇಕಡ 10 ರಷ್ಟು ಎಥನಾಲನ್ನು ಬೆರೆಸಿದರು. 2007 ರಲ್ಲಿ ಪೂರ್ತಿಯಾಗಿ ಎಥನಾಲಿಗೆ ಬದಲಾಯಿಸಿದರು. 2012 ರಲ್ಲಿ 2.2 ಲೀಟರು ಗಾತ್ರದ ಟರ್ಬೊ ಇಂಜಿನುಗಳನ್ನು ಬಳಕೆಗೆ ತಂದಾಗ, ಶೇಕಡ 85 ರಷ್ಟು ಎಥನಾಲಿದ್ದು ಉಳಿದದ್ದು ಪೆಟ್ರೋಲಾದ ಇ 85 ಎಂಬ ಮಿಶ್ರಣವನ್ನು ಆರಿಸಿಕೊಂಡರು. 2023 ರಿಂದ ಅಲ್ಲಿ ಉಪಯೋಗಕ್ಕೆ ಬಂದ ಇಂಧನದಲ್ಲಿ ಕಬ್ಬಿನ ಉಳಿಕೆಯಿಂದ ತಯಾರಿಸಿದ ಎಥನಾಲು ಸೇರಿದೆ. 2022 ರಿಂದ ಫಾರ್ಮ್ಯುಲಾ ಒನ್ ಪಂದ್ಯದ ಟರ್ಬೊ ಇಂಜಿನುಗಳಿಗೂ ಶೇಕಡ 10 ರಷ್ಟು ಎಥನಾಲು ಬೆರೆಸಿದ ಇಂಧನವು ವಿಧಿಸಲ್ಪಟ್ಟಿತು. ಜೋಳದ ಬೆಳೆಗಾರರ ಸೀಮೆಯಲ್ಲಿ ಜೋಳದಿಂದ ಬಂದ ಇಂಧನವು ಲಕ್ಷಾಂತರ ಜನರ ಕಣ್ಣೆದುರಿಗೆ ಇಂಥ ಕಠಿಣ ಪರೀಕ್ಷೆಯಲ್ಲಿ ತೇರ್ಗಡೆಯಾದುದು ಅಲ್ಲಿನ ವ್ಯವಸಾಯಗಾರರಿಗೆ ಯಾವ ಜಾಹಿರಾತಿಗಿಂತಲೂ ಹೆಚ್ಚಿನ ಉಪಕಾರವೆಂದು ಹೇಳಬೇಕು.

ಪಂದ್ಯದ ಬಂಡಿಗೆ ಮಾತ್ರವಲ್ಲ, ಸಂಸಾರಸ್ಥರ ಬಂಡಿಗೂ ಇದು ಒಪ್ಪುವುದೆಂಬುದಕ್ಕೆ ಸ್ವೀಡನ್ ದೇಶದಲ್ಲಿ ನಿದರ್ಶನವಿದೆ. ಅಲ್ಲಿನ ಸಾಬ್ ಕಾರ್ಖಾನೆಯವರು 2005 ರಲ್ಲಿ ಮಾರಾಟಕ್ಕೆ ತಂದ 9-5 ಬಯೋಪವರ್ ಎಂಬ ಬಂಡಿಯ 2 ಲೀಟರಿನ ಟರ್ಬೊ ಇಂಜಿನು ಪೆಟ್ರೋಲಿನಲ್ಲಿ 150 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಅದೇ ಇಂಜಿನಿಗೆ ಇ 85 ತುಂಬಿದರೆ 180 ಅಶ್ವಶಕ್ತಿ ದೊರೆಯುತ್ತಿತ್ತು. ಮಾಲೀಕನು ಯಾವ ಇಂಧನವನ್ನು ತುಂಬಿದರೂ, ಇಂಜಿನನ್ನು ಆಳುವ ಗಣಕವು ಅದರ ಗುಣವನ್ನು ತಾನೇ ಅರಿತು, ಕಿಡಿಯ ಸಮಯವನ್ನೂ ಗಾಳಿಯ ಒತ್ತಡವನ್ನೂ ಅದಕ್ಕೆ ಒಪ್ಪುವಂತೆ ಬದಲಾಯಿಸುತ್ತಿತ್ತು. ಇದೇ ದೇಶದ ಕೋನಿಗ್ಸೆಗ್ ಕಾರ್ಖಾನೆಯ 2007 ರ ಸಿ.ಸಿ.ಎಕ್ಸ್.ಆರ್. ಬಂಡಿಯಲ್ಲಿ ಟರ್ಬೊವಿಗೆ ಬದಲಾಗಿ ಇಂಜಿನಿನ ಪಟ್ಟಿಯಿಂದಲೇ ತಿರುಗುವ ಗಾಳಿಯಂತ್ರವಿತ್ತು. ಅದರಲ್ಲಿಯೂ ಪೆಟ್ರೋಲಿನಿಂದ 806 ಇದ್ದ ಅಶ್ವಶಕ್ತಿಯು ಇ 85 ರಿಂದ 1,018 ಕ್ಕೆ ಏರಿತು. ಇಂಥ ಇಂಜಿನುಗಳ ವಿಷಯದಲ್ಲಿ ಮದ್ಯಸಾರವು ನಿಸ್ಸಾರವಾದ ಕಲಬೆರಕೆಯೆಂಬ ಮಾತು ನಿಲ್ಲಲಾರದು.

ಹದಗೊಳಿಸುವ ಕ್ರಮ

ಆದರೆ ಈ ಲಾಭವು ಪುಕ್ಕಟೆಯಾಗಿ ಬರತಕ್ಕದ್ದಲ್ಲ. ಪೆಟ್ರೋಲಿನ ಟರ್ಬೊ ಬಂಡಿಗೆ ಇ 85 ಅನ್ನು ಸುಮ್ಮನೆ ಸುರಿದರೆ ಅದು ಓಡಲಾರದು, ಓಡಿದರೂ ಕೆಡುವುದು. ಪಂದ್ಯದ ಬಂಡಿಯನ್ನು ಈ ಇಂಧನಕ್ಕೆ ಹದಗೊಳಿಸುವ ಕುಶಲರು ಅನುಸರಿಸುವ ಕ್ರಮವನ್ನು ನೋಡಿದರೆ, ಎಷ್ಟು ಎಚ್ಚರಿಕೆ ಬೇಕೆಂಬುದು ವಿಶದವಾಗುವುದು.

ಮೊಟ್ಟಮೊದಲು ಇಂಧನದ ಪ್ರಮಾಣ. ಪೂರ್ಣಶಕ್ತಿಯಲ್ಲಿ ಓಡುವಾಗ ಇ 85 ಅನ್ನು ಪೆಟ್ರೋಲಿಗಿಂತ ಸುಮಾರು ಶೇಕಡ 40 ರಷ್ಟು ಹೆಚ್ಚಾಗಿ ಸುರಿಯಬೇಕು. ಅದಕ್ಕೆ ದೊಡ್ಡ ಪಂಪು, ಹೆಚ್ಚು ಹರಿವಿನ ಇಂಜೆಕ್ಟರುಗಳು, ಮದ್ಯಸಾರಕ್ಕೆ ಕರಗದ ರಬ್ಬರಿನ ಕೊಳವೆಗಳು ಅವಶ್ಯ. ಹರಿವು ಸಾಲದೆ ಹೋದರೆ ಗಾಳಿ ಹೆಚ್ಚಾಗಿ ಇಂಧನ ಕಡಮೆಯಾಗಿ, ಉರಿಯು ಸಿಡುಕಾಗಿ, ಇಂಜಿನು ವಿಪರೀತವಾಗಿ ಕಾದು ಸುಟ್ಟುಹೋಗುವ ಭಯವುಂಟು.

ಆ ಮೇಲೆ ಅಳತೆ. ಹೊಗೆಕೊಳವೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸಾಧನ, ಹೊಗೆಯ ಶಾಖವನ್ನು ಅಳೆಯುವ ಸಾಧನ, ಬಡಿತವನ್ನು ಆಲಿಸುವ ಸಾಧನ, ಇವುಗಳನ್ನು ಅಳವಡಿಸಿ, ಡೈನಮಾಮೀಟರು ಎಂಬ ಶಕ್ತಿ ಅಳೆಯುವ ಉರುಳೆಗಳ ಮೇಲೆ ಬಂಡಿಯನ್ನು ನಿಲ್ಲಿಸಿ ಓಡಿಸುವರು. ಮೊದಲು ಕಡಮೆ ಒತ್ತಡದಲ್ಲಿ ಇಂಧನದ ಪ್ರಮಾಣವನ್ನು ಸರಿಪಡಿಸಿ, ಅನಂತರ ಕಿಡಿಯ ಸಮಯವನ್ನು ಸ್ವಲ್ಪ ಸ್ವಲ್ಪವಾಗಿ ಮುಂಚಿತಗೊಳಿಸುವರು. ಎಲ್ಲಿಯವರೆಗೆ ಮುಂಚಿತಗೊಳಿಸಿದರೆ ಬಲವು ಹೆಚ್ಚುವುದೋ ಅಲ್ಲಿಗೆ ನಿಲ್ಲಿಸುವರು. ಬಲವು ಹೆಚ್ಚದೆ ಇದ್ದರೂ ಮುಂದುವರಿಸುವವನು ಮೂಢ. ಎಥನಾಲಿನಲ್ಲಿ ಬಡಿತದ ಎಚ್ಚರಿಕೆಯ ಶಬ್ದವು ತಡವಾಗಿ ಕೇಳಿಬರುವುದರಿಂದ, ಪಿಸ್ಟನ್ನುಗಳ ಮೇಲೆ ಅತಿಭಾರ ಬೀಳುತ್ತಿರುವುದು ಅಂಥವನಿಗೆ ತಿಳಿಯದೆಯೇ ಹೋಗಬಹುದು. ಇದಾದ ಮೇಲೆ ಟರ್ಬೊವಿನ ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಅಳತೆಗಳನ್ನು ಬರೆದಿಟ್ಟುಕೊಳ್ಳುವರು.

ಎಲ್ಲಕ್ಕಿಂತ ಮುಖ್ಯವಾದದ್ದು ಇಂಧನದ ನಿಜವಾದ ಸ್ವರೂಪವನ್ನು ತಿಳಿಯುವುದು. ಅಮೆರಿಕದಲ್ಲಿ ಇ 85 ಎಂದು ಫಲಕ ಹಾಕಿ ಮಾರುವ ಇಂಧನದಲ್ಲಿ ಎಥನಾಲು ಋತುವಿಗೂ ಪ್ರದೇಶಕ್ಕೂ ತಕ್ಕಂತೆ ಶೇಕಡ 51 ರಿಂದ 83 ರವರೆಗೆ ಇರಬಹುದೆಂದು ಅಲ್ಲಿನ ನಿಯಮವೇ ಹೇಳುತ್ತದೆ. ಶೇಕಡ 83 ಕ್ಕೆ ಹದಗೊಳಿಸಿದ ಬಂಡಿಗೆ ಶೇಕಡ 51 ರ ಇಂಧನವು ಬಿದ್ದರೆ ತಂಪೂ ಬಡಿತ ತಡೆಯುವ ಶಕ್ತಿಯೂ ಕುಗ್ಗಿ, ಒಂದೇ ಸುತ್ತಿನಲ್ಲಿ ಇಂಜಿನು ಒಡೆಯಬಹುದು. ಆದ್ದರಿಂದ ತಿಳಿದವರು ಇಂಧನದ ಕೊಳವೆಯಲ್ಲಿಯೇ ಎಥನಾಲಿನ ಪಾಲನ್ನು ಅಳೆಯುವ ಸೆನ್ಸರನ್ನು ಜೋಡಿಸುವರು. ಇಂಜಿನಿನ ಗಣಕವು ಅದರ ಮಾತನ್ನು ಕೇಳಿ ಕ್ಷಣಕ್ಷಣಕ್ಕೂ ಹದವನ್ನು ಬದಲಾಯಿಸುವುದು. ಫಲಕವನ್ನು ನಂಬದೆ ಅಳತೆಯನ್ನು ನಂಬುವುದೇ ಈ ವಿದ್ಯೆಯ ಸಾರ.

ದೋಷಗಳನ್ನು ಮರೆಯತಕ್ಕದ್ದಲ್ಲ

ಎಥನಾಲಿಗೆ ನೀರಿನ ಮೇಲೆ ಪ್ರೀತಿ ಹೆಚ್ಚು. ತೆರೆದಿಟ್ಟರೆ ಗಾಳಿಯ ತೇವವನ್ನು ಹೀರುವುದು. ಪೆಟ್ರೋಲಿನೊಡನೆ ಬೆರೆತ ಎಥನಾಲು ಒಂದು ಮಿತಿಗಿಂತ ಹೆಚ್ಚು ನೀರನ್ನು ಹೀರಿದರೆ, ಪೆಟ್ರೋಲಿನಿಂದ ಬೇರ್ಪಟ್ಟು ನೀರಿನೊಡನೆ ಟಾಂಕಿಯ ತಳಕ್ಕೆ ಇಳಿಯುವುದು. ಪಂಪು ಇಂಧನವನ್ನು ಎಳೆಯುವುದು ಆ ತಳದಿಂದಲೇ ಆದ್ದರಿಂದ ಇಂಜಿನು ನಿಂತುಹೋಗುವುದು. ತೇವದಿಂದ ಲೋಹಕ್ಕೆ ತುಕ್ಕೂ ಹಿಡಿಯುವುದು. ಚಳಿಯಲ್ಲಿ ಎಥನಾಲು ಬೇಗನೆ ಆವಿಯಾಗದ ಕಾರಣ ಇಂಜಿನು ಹೊರಡುವುದು ಕಷ್ಟ. ಹೆಚ್ಚಾಗಿ ಸುರಿದ ಇಂಧನವು ಕೆಳಗಿಳಿದು ಕೀಲೆಣ್ಣೆಯಲ್ಲಿ ಬೆರೆಯುವುದರಿಂದ, ಪಂದ್ಯದವರು ಎಣ್ಣೆಯನ್ನು ಬೇಗಬೇಗನೆ ಬದಲಾಯಿಸುವರು. ಈ ದೋಷಗಳೆಲ್ಲವೂ ಪರಿಹಾರವಾಗತಕ್ಕವು. ಆದರೆ ಇವು ಇಲ್ಲವೆಂದು ಹೇಳುವವನು ಬೆಳೆಗಾರನ ಹಿತೈಷಿಯಲ್ಲ.

ಕರ್ನಾಟಕದ ಕಬ್ಬಿನ ಗದ್ದೆಗೆ ಇದರ ಸಂಬಂಧ

ಪೆಟ್ರೋಲಿಗೆ ಮದ್ಯಸಾರ ಬೆರೆಸುವ ಯೋಚನೆಯು ಭಾರತ ದೇಶಕ್ಕೆ ಹೊಸದಲ್ಲ. 1948 ರಲ್ಲಿಯೇ ಇದಕ್ಕಾಗಿ ಪವರ್ ಆಲ್ಕೊಹಾಲ್ ಕಾಯಿದೆಯೊಂದು ಜಾರಿಗೆ ಬಂದಿತ್ತು. ಅದು 2000 ದಲ್ಲಿ ರದ್ದಾಯಿತು. 2003 ರಲ್ಲಿ ಕೆಲವು ಸಂಸ್ಥಾನಗಳಲ್ಲಿ ಶೇಕಡ 5 ರ ಮಿಶ್ರಣದಿಂದ ಈಗಿನ ಕಾರ್ಯಕ್ರಮವು ಮೊದಲಾಯಿತು. ದೇಶದ ಸರಾಸರಿಯು 2022 ರಲ್ಲಿ ಶೇಕಡ 10 ನ್ನು ಮುಟ್ಟಿತು. ಶೇಕಡ 20 ರ ಮಿಶ್ರಣವಾದ ಇ 20 ಇಂಧನದ ಮಾರಾಟವನ್ನು ಪ್ರಧಾನ ಮಂತ್ರಿಗಳು 2023 ರ ಫೆಬ್ರವರಿ 6 ರಂದು ಬೆಂಗಳೂರಿನಲ್ಲಿಯೇ ಉದ್ಘಾಟಿಸಿದರು. 2025 ರಲ್ಲಿ ಮಿಶ್ರಣವು ಶೇಕಡ 20 ರ ಮಟ್ಟಕ್ಕೆ ಬಂದಿತು. ಇಷ್ಟು ಶೀಘ್ರವಾಗಿ ಏರಿದ ಮಿಶ್ರಣಕ್ಕೆ ತಕ್ಕಂತೆ ದೇಶದ ಎಲ್ಲ ಬಂಡಿಗಳೂ ಬದಲಾಗಲು ಸಾಧ್ಯವೆ? ಹತ್ತು ಹದಿನೈದು ವರ್ಷದ ಹಳೆಯ ಬಂಡಿಗಳು ಗ್ರಾಮಗಳಲ್ಲಿ ಇನ್ನೂ ಓಡುತ್ತಿವೆ. 2025 ರಲ್ಲಿ ಬಂಡಿಗಳ ಮಾಲೀಕರಿಂದ ಕೇಳಿಬಂದ ಗೊಣಗಾಟಕ್ಕೆ ಮೂಲವು ಇಲ್ಲಿದೆ.

ಲೆಕ್ಕವು ಸರಳವಾದದ್ದು. ಲೀಟರಿನ ಲೆಕ್ಕದಲ್ಲಿ ಎಥನಾಲಿನ ಶಾಖವು ಪೆಟ್ರೋಲಿನ ಮೂರನೆಯ ಎರಡು ಪಾಲಾದ್ದರಿಂದ, ಐದನೆಯ ಒಂದು ಪಾಲು ಎಥನಾಲಿರುವ ಮಿಶ್ರಣದಲ್ಲಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇಕಡ 6 ರಿಂದ 7 ರಷ್ಟು ಶಾಖವು ಕಡಮೆ. ಕೇಂದ್ರ ಸರ್ಕಾರದ ನೀತಿ ಆಯೋಗವು 2021 ರಲ್ಲಿ ಪ್ರಕಟಿಸಿದ ವರದಿಯೂ, ಎಥನಾಲಿಗಾಗಿ ರಚಿಸದೆ ಶೇಕಡ 10 ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ಬಂಡಿಗಳಲ್ಲಿ ಇ 20 ರಿಂದ ಇಂಧನದ ಉಳಿತಾಯವು ಶೇಕಡ 6 ರಿಂದ 7 ರಷ್ಟೂ, ಅಂಥ ಎರಡು ಚಕ್ರದ ಬಂಡಿಗಳಲ್ಲಿ ಶೇಕಡ 3 ರಿಂದ 4 ರಷ್ಟೂ ಕುಂದಬಹುದೆಂದು ಅಂದಾಜು ಮಾಡಿತು. ಆದರೆ ಶೇಕಡ 10 ಕ್ಕೆ ರಚಿಸಿ 20 ಕ್ಕೆ ಹೊಂದಿಸಿದ ಬಂಡಿಗಳಲ್ಲಿ ಈ ನಷ್ಟವು ಶೇಕಡ 1 ರಿಂದ 2 ಮಾತ್ರವೆಂದು ಅದೇ ವರದಿಯು ತಿಳಿಸುತ್ತದೆ. ಇಂಧನವು ಒಂದೇ, ನಷ್ಟವು ಬೇರೆ ಬೇರೆ. ಈ ವ್ಯತ್ಯಾಸಕ್ಕೆ ಕಾರಣವು ಹದ.

ಇನ್ನು ಬೆಳೆಗಾರನ ಕಡೆಯ ಲೆಕ್ಕ. ಒಂದು ಟನ್ನು ಕಬ್ಬಿನಿಂದ ಸುಮಾರು 70 ಲೀಟರು ಎಥನಾಲು ಇಳಿಯುವುದೆಂದೂ, ಕಬ್ಬಿನ ಒಂದು ಲೀಟರು ಎಥನಾಲಿಗೆ ಸುಮಾರು 2,860 ಲೀಟರು ನೀರು ವೆಚ್ಚವಾಗುವುದೆಂದೂ ಅದೇ ವರದಿಯಲ್ಲಿ ಗಣನೆಯಿದೆ. ಕಾವೇರಿ, ಕೃಷ್ಣಾ, ಘಟಪ್ರಭಾ ನಾಲೆಗಳ ನೀರಿಗಾಗಿ ರಾತ್ರಿಯೆಲ್ಲ ಮಡೆ ಕಾಯುವವರಿಗೆ ಈ ಅಂಕಿಯ ಅರ್ಥವನ್ನು ವಿವರಿಸಬೇಕಾದುದಿಲ್ಲ. ಮಳೆ ಕೈಕೊಟ್ಟ 2023 ರ ಡಿಸೆಂಬರಿನಲ್ಲಿ ಸಕ್ಕರೆಗೆ ಅಭಾವವಾದೀತೆಂದು ಕಬ್ಬಿನ ರಸದಿಂದ ಎಥನಾಲು ತೆಗೆಯುವುದಕ್ಕೆ ಕೇಂದ್ರ ಸರ್ಕಾರವು ನಿರ್ಬಂಧ ಹಾಕಬೇಕಾಯಿತು. 2024 ರಲ್ಲಿ ಅದು ತೆರವಾಯಿತು. ಇಷ್ಟು ನೀರು ಕುಡಿದು, ಇಷ್ಟು ಶ್ರಮದಿಂದ ಹುಟ್ಟಿದ ಇಂಧನವನ್ನು ಅದರ ಗುಣವನ್ನು ಬಳಸಲು ಬಾರದ ಇಂಜಿನಿಗೆ ಸುರಿಯುವುದು, ಉತ್ತಮವಾದ ಎರೆಯ ಭೂಮಿಗೆ ಜೊಳ್ಳು ಬೀಜವನ್ನು ಬಿತ್ತಿದಂತೆಯೇ ಸರಿ.

ಹೀಗಿರುವಲ್ಲಿ ಬೆಳೆಗಾರರ ಹಿತವು ಎಲ್ಲಿದೆ? ಮಿಶ್ರಣದ ಪ್ರಮಾಣವನ್ನು 20 ರಿಂದ 27 ಕ್ಕೆ, 27 ರಿಂದ 30 ಕ್ಕೆ ಏರಿಸಬೇಕೆಂದು ಕೇಳುವುದರಲ್ಲಿ ಮಾತ್ರವೇ ಇದೆಯೆಂದು ಅನೇಕರು ಭಾವಿಸಿರುವರು. ಈ ಅಭಿಪ್ರಾಯವು ಅರ್ಧ ಸರಿ. ಕೊಳ್ಳುವವನು ಒಲ್ಲದ ಮನಸ್ಸಿನಿಂದ ಕೊಳ್ಳುವ ಸರಕಿಗೆ ಬಹುಕಾಲ ಬೆಲೆ ನಿಲ್ಲುವುದಿಲ್ಲ. ಸಂತೆಯಲ್ಲಿ ಒಮ್ಮೆ ಹೆಸರು ಕೆಟ್ಟ ಬೆಲ್ಲವನ್ನು ಮರುವಾರ ಕಡಮೆ ಬೆಲೆಗೂ ಯಾರೂ ಮುಟ್ಟುವುದಿಲ್ಲ. ಎಥನಾಲಿನ ಹೆಸರು ಬೆಳೆಗಾರನ ಹೆಸರಿನೊಡನೆ ಕೂಡಿಕೊಂಡಿದೆ. ಆದುದರಿಂದ ಬೆಳೆಗಾರರ ಸಂಘಗಳೂ ಗ್ರಾಮದ ಯಜಮಾನರೂ ಮೊದಲು ಕೇಳತಕ್ಕದ್ದು ಮೂರು. ಒಂದು, ಪ್ರತಿಯೊಂದು ಬಂಕಿನಲ್ಲಿಯೂ ಮಿಶ್ರಣದ ಪ್ರಮಾಣವನ್ನು ಎದ್ದುಕಾಣುವಂತೆ ಬರೆದು, ಅದನ್ನು ನಿಜವಾಗಿ ಪಾಲಿಸುವುದು. ಎರಡು, ಹಳೆಯ ಬಂಡಿಗಳಿಗೆ ಒಪ್ಪುವ ಕಡಮೆ ಮಿಶ್ರಣವೂ ಸ್ವಲ್ಪಕಾಲ ದೊರೆಯುವಂತೆ ಏರ್ಪಡಿಸುವುದು. ಮೂರು, ಯಾವ ಪ್ರಮಾಣದ ಮಿಶ್ರಣಕ್ಕಾದರೂ ತಾನೇ ಹೊಂದಿಕೊಳ್ಳುವ ಇಂಜಿನುಗಳನ್ನೂ, ಎಥನಾಲಿನ ಗುಣಕ್ಕಾಗಿಯೇ ರಚಿತವಾದ ಟರ್ಬೊ ಇಂಜಿನುಗಳನ್ನೂ ಕಾರ್ಖಾನೆಯವರು ಸಾಮಾನ್ಯರ ಕೈಗೆಟುಕುವ ಬೆಲೆಗೆ ಒದಗಿಸುವುದು. ಬ್ರೆಜಿಲ್ ದೇಶದಲ್ಲಿ 1975 ರಲ್ಲಿ ಎಥನಾಲಿನ ಕಾರ್ಯಕ್ರಮವು ಮೊದಲಾದರೂ, 2003 ರಲ್ಲಿ ಎರಡು ಇಂಧನಗಳಿಗೂ ಹೊಂದುವ ಬಂಡಿಗಳು ಮಾರುಕಟ್ಟೆಗೆ ಬಂದ ಮೇಲೆಯೇ ಕೊಳ್ಳುವವನಿಗೆ ಆಯ್ಕೆಯೂ ನಂಬಿಕೆಯೂ ಎರಡೂ ಒದಗಿದುವು. ಬಲವಂತದಿಂದ ಆಗದ ಕೆಲಸವು ಅಲ್ಲಿ ಆಯ್ಕೆಯಿಂದ ಆಯಿತು.

ಈ ವಾದಕ್ಕೆ ಒಂದು ಆಕ್ಷೇಪಣೆಯನ್ನು ತರಬಹುದು. ಪಂದ್ಯದ ಬಂಡಿಯು ಬಲಕ್ಕಾಗಿ ಇಂಧನವನ್ನು ಧಾರಾಳವಾಗಿ ಸುರಿಯುವುದು. ಅದನ್ನು ನೋಡಿ ಉಳಿತಾಯದ ಪಾಠ ಕಲಿಯಬಹುದೆ? ಈ ಮಾತು ಯುಕ್ತವಾದದ್ದೇ. ಪಂದ್ಯವು ಮಿತವ್ಯಯವನ್ನು ಕಲಿಸುವುದಿಲ್ಲ. ಬಡಿತದ ಭಯವಿಲ್ಲದ ಇಂಧನದಿಂದ ಚಿಕ್ಕ ಇಂಜಿನು ದೊಡ್ಡ ಹೊರೆಯನ್ನು ಎಳೆಯಬಲ್ಲುದೆಂಬುದನ್ನು ಮಾತ್ರ ಅದು ಸ್ಥಾಪಿಸುವುದು. ಅದೇ ಗುಣವನ್ನು ಬಲಕ್ಕೆ ಬದಲಾಗಿ ಉಳಿತಾಯಕ್ಕೆ ತಿರುಗಿಸಿ, ಸಿಲಿಂಡರಿನ ಒತ್ತಡವನ್ನು ಏರಿಸಿ ಇಂಜಿನಿನ ಗಾತ್ರವನ್ನು ಇಳಿಸಿದರೆ, ಲೀಟರಿನಲ್ಲಿ ಕಡಮೆಯಾದ ಶಾಖದ ಒಂದು ಭಾಗವನ್ನು ಮರಳಿ ಪಡೆಯಬಹುದು. ಪೂರ್ತಿಯಾಗಿ ಪಡೆಯಬಹುದೆಂದು ಆಶೆ ತೋರಿಸುವುದು ತಪ್ಪು.

ಗ್ರಾಮಗಳಲ್ಲಿ ಎಚ್ಚರಿಕೆ

ಕಡೆಯದಾಗಿ ಯಜಮಾನರು ತಮ್ಮ ಗ್ರಾಮಗಳಲ್ಲಿ ತಿಳಿಯಹೇಳಬೇಕಾದ ಕೆಲವು ಸಂಗತಿಗಳಿವೆ. ಟ್ರಾಕ್ಟರಿನ ಡೀಸೆಲ್ ಇಂಜಿನಿಗೆ ಎಥನಾಲನ್ನು ಎಂದಿಗೂ ಬೆರೆಸತಕ್ಕದ್ದಲ್ಲ. ಡೀಸೆಲ್ ಇಂಜಿನಿನಲ್ಲಿ ಇಂಧನವು ಒತ್ತಿದ ಗಾಳಿಯ ಶಾಖದಿಂದ ತಾನಾಗಿಯೇ ಹೊತ್ತಿಕೊಳ್ಳಬೇಕು. ಎಥನಾಲಿನ ಗುಣವಾದರೋ ತಾನಾಗಿ ಹೊತ್ತಿಕೊಳ್ಳದಿರುವುದು. ಪಂದ್ಯದ ಬಂಡಿಯಲ್ಲಿ ಗುಣವಾದದ್ದೇ ಇಲ್ಲಿ ದೋಷವಾಗುವುದು. ಪೆಟ್ರೋಲಿನಿಂದ ಓಡುವ ಔಷಧ ಸಿಂಪಡಿಸುವ ಯಂತ್ರ, ಕಳೆ ಕೊಯ್ಯುವ ಯಂತ್ರ ಮೊದಲಾದುವನ್ನು ತಿಂಗಳುಗಟ್ಟಲೆ ಬಳಸದೆ ಇಡುವಾಗ ಟಾಂಕಿಯನ್ನು ಬರಿದು ಮಾಡಿ ಇಡುವುದು ಕ್ಷೇಮ. ಡಬ್ಬಿಗಳಲ್ಲಿ ತೆರೆದಿಟ್ಟ ಮಿಶ್ರಣವು ಮಳೆಗಾಲದಲ್ಲಿ ನೀರು ಹೀರಿ ಕೆಡುವುದು.

ಭಟ್ಟಿ ಇಳಿಸಿದ ಸಾರಾಯಿಯೂ ಇಂಧನದ ಎಥನಾಲೂ ಒಂದೇ ಎಂಬ ಭ್ರಾಂತಿಯನ್ನು ಬಿಡಬೇಕು. ಸಾಧಾರಣ ಭಟ್ಟಿಯಿಂದ ಎಷ್ಟು ಸಲ ಇಳಿಸಿದರೂ ತೂಕದಲ್ಲಿ ಸುಮಾರು ಶೇಕಡ 95 ಕ್ಕಿಂತ ಹೆಚ್ಚು ಶುದ್ಧಿ ಬರಲಾರದು. ಪೆಟ್ರೋಲಿಗೆ ಬೆರೆಸುವ ಎಥನಾಲಿನಿಂದ ಉಳಿದ ನೀರನ್ನು ಕಾರ್ಖಾನೆಯಲ್ಲಿ ವಿಶೇಷ ಸಾಧನಗಳಿಂದ ತೆಗೆದಿರುತ್ತಾರೆ. ಮನೆಯಲ್ಲಿ ಭಟ್ಟಿ ಇಳಿಸುವುದು ಅಬಕಾರಿ ಕಾಯಿದೆಗೆ ವಿರುದ್ಧ. ಇಂಧನಕ್ಕಾಗಿ ಬೇರೆ ದ್ರವ್ಯಗಳನ್ನು ಸೇರಿಸಿದ ಎಥನಾಲನ್ನು ಕುಡಿಯುವುದು ಪ್ರಾಣಕ್ಕೆ ವಿರುದ್ಧ.

ಪಟ್ಟಣದಲ್ಲಿ ಓದಿ ಬಂದ ಭೂಮಾಲೀಕರ ಮಕ್ಕಳಲ್ಲಿ ಕೆಲವರಿಗೆ ಟರ್ಬೊ ಬಂಡಿಯನ್ನು ಎಥನಾಲಿಗೆ ಹದಗೊಳಿಸುವ ಹವ್ಯಾಸವು ಹತ್ತಬಹುದು. 2024 ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ಸಂಸ್ಥಾನಗಳ ಬಂಕುಗಳಲ್ಲಿ ಎಥನಾಲ್ 100 ಎಂಬ ಹೆಸರಿನ ಇಂಧನದ ಮಾರಾಟವೂ ಪ್ರಾರಂಭವಾಯಿತು. ಅದರಲ್ಲಿ ಎಥನಾಲು ಶೇಕಡ 93 ರಷ್ಟಿದ್ದು, ಉಳಿದದ್ದರಲ್ಲಿ ಹೆಚ್ಚಿನ ಭಾಗವು ಪೆಟ್ರೋಲು. ಇಂಥ ಹವ್ಯಾಸವನ್ನು ಹೀಯಾಳಿಸಬೇಕಾದುದಿಲ್ಲ. ಯಂತ್ರವಿದ್ಯೆಯು ಹೀಗೆಯೇ ಬೆಳೆಯತಕ್ಕದ್ದು. ಆದರೆ ಕಾರ್ಖಾನೆಯ ರಚನೆಯನ್ನು ಬದಲಾಯಿಸಿದ ಬಂಡಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52 ನೆಯ ಕಲಮು ಅಡ್ಡಬರುವುದು. ಅಂಥ ಬಂಡಿಯ ಸ್ಥಳವು ಮದ್ರಾಸು, ಕೊಯಮತ್ತೂರುಗಳ ಬಳಿ ಇರುವಂಥ ಪಂದ್ಯದ ಮೈದಾನವೇ ಹೊರತು ಊರಿನ ರಸ್ತೆಯಲ್ಲ. ಸೆನ್ಸರೂ ಅಳತೆಯ ಸಾಧನಗಳೂ ಇಲ್ಲದೆ, ಕಿವಿಯ ಅಂದಾಜಿನಿಂದ ಒತ್ತಡವನ್ನು ಏರಿಸುವವನು ತನ್ನ ಹಣವನ್ನೂ, ಎಥನಾಲಿನ ಹೆಸರನ್ನೂ ಕೂಡಿಯೇ ಕೆಡಿಸುವನು.

ಇಂಧನವು ಕಬ್ಬಿನ ಗದ್ದೆಯಿಂದ ಬಂದಿತೆಂಬ ಅಭಿಮಾನದಿಂದಲೇ ಅದಕ್ಕೆ ಗೌರವ ಬರಲಾರದು. ಕೊಳ್ಳುವವನ ಇಂಜಿನಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡಿದರೆ ಬರುವುದು. ಇಂಡಿಯಾನಾಪೊಲಿಸಿನ ಮೈದಾನದಲ್ಲಿ ಅದು ಚೆನ್ನಾಗಿ ಕೆಲಸ ಮಾಡಿದ್ದು, ಇಂಜಿನನ್ನು ಅದಕ್ಕೆ ಹದಗೊಳಿಸಿದ್ದರಿಂದಲೂ ಪ್ರತಿ ಹನಿಯನ್ನೂ ಅಳೆದದ್ದರಿಂದಲೂ. ಅಂಥ ಹದವೂ ಅಂಥ ಅಳತೆಯೂ ಊರಿನ ಬಂಕಿಗೂ ಸಾಮಾನ್ಯನ ಬಂಡಿಗೂ ಬರುವಂತೆ ಒತ್ತಾಯಿಸುವ ಹಕ್ಕು ಕಬ್ಬಿನ ಬೆಳೆಗಾರರಿಗೆ ಎಲ್ಲರಿಗಿಂತ ಹೆಚ್ಚಾಗಿ ಉಂಟು. ಆ ಹಕ್ಕನ್ನು ಅವರು ಈಗಲೇ ಚಲಾಯಿಸುವುದು ವಿಹಿತ.